ಯಾವ ಕಡೆಯ ಎಡ

ಮಾರ್ಚ್ ೩, ಸೋಮವಾರ

ಮತ್ತೆ ದಾರ ಕಟ್ಟಿ ಚಕ್ರಗಳ ನೇರ ಅಳೆದೆ. ಅಪ್ಪನ ಹಳೆಯ ಬ್ರಿಟಿಷ್ ಟೂ-ಸೀಟರ್. ಮುಂದಿನ ಚಕ್ರ ನೇರ. ಹಿಂದಿನವು ಎರಡೂ ಎಡಕ್ಕೆ ಮುಖ ಮಾಡಿವೆ — ಏಡಿಯ ನಡಿಗೆ. ಕೀಲುಗಳಿಗೆ ಹೊಸ ರಬ್ಬರ್ ಬುಷ್ ಹಾಕಿದರೂ ಅದೇ ರಾಗ.

ಅಣ್ಣ ಶೆಡ್ಡಿಗೆ ಬಂದು, ಬೇಗ ಮುಗಿಸು, ಮಾರಿಬಿಡೋಣ ಎಂದ. ಅಪ್ಪ ಇನ್ನು ಸ್ಟೇರಿಂಗ್ ಮುಟ್ಟಬಾರದಂತೆ. ಡಿಸೆಂಬರಿನಲ್ಲಿ ಗಾಡಿ ತಿರುವಿನ ಗೋಡೆಗೆ ಗುದ್ದಿ ಪಕ್ಕದ ಸೀಟಿನಲ್ಲಿದ್ದ ಅಮ್ಮನ ಕಾಲು ಮುರಿಯಿತಲ್ಲ, ಅದು ಅಪ್ಪನಿಗೆ ಕಣ್ಣು ಕಾಣದೆ ಆದದ್ದು ಎಂದು ಮನೆಯವರ ತೀರ್ಮಾನ. ಕೀ ಅಣ್ಣನ ಜೇಬಿನಲ್ಲಿ. ಅಮ್ಮ ಅಪ್ಪನ ಹತ್ತಿರ ಮಾತು ಬಿಟ್ಟಿದ್ದಾಳೆ. ಅಪ್ಪ ತುಟಿ ಪಿಟಕ್ಕೆನ್ನುವುದಿಲ್ಲ.

ಮಾರ್ಚ್ ೪

ಗುದ್ದಿದ ಏಟಿಗೆ ಹಿಂದಿನ ಚಕ್ರ ಹಿಡಿದಿರುವ ಆರ್ಮ್ ಬಗ್ಗಿರಬೇಕು ಅಂದುಕೊಂಡಿದ್ದೆ. ಬಿಚ್ಚಿ ನೋಡಿದೆ. ಕೂದಲೆಳೆಯಷ್ಟೂ ಬಗ್ಗಿಲ್ಲ. ಗಾಡಿಯ ಚೌಕಟ್ಟು, ಚಾಸಿಯೂ ನೇರ. ಮತ್ತಿನ್ನೇನು ಕರ್ಮ? ತಲೆ ಮೊಸರುಗಡಿಗೆಯಾಗಿದೆ.

ಮಾರ್ಚ್ ೬, ಬೆಳಿಗ್ಗೆ

ಕಾರಣ ಸಿಕ್ಕಿತು.

ನವೆಂಬರಿನಲ್ಲಿ ಅಪ್ಪ ಅಣ್ಣನಿಗೆ ಹೇಳಿದ್ದು ನನ್ನೆದುರೇ — ಎಡಕ್ಕೆ ಎರಡು ಶಿಮ್ ಹಾಕು. ಶಿಮ್ ಅಂದರೆ ಆರ್ಮಿನ ಬ್ರಾಕೆಟ್ಟಿಗೂ ಚಾಸಿಗೂ ನಡುವೆ ತೂರಿಸುವ ತಗಡು, ಚಕ್ರದ ಮುಖ ನೇರ ಮಾಡಲು, ಅಷ್ಟೇ. ಅವು ಬಲಗಡೆ ಇವೆ. ಬಲಗಡೆ!

ನಮ್ಮ ಶೆಡ್ಡಿನಲ್ಲಿ ಗಾಡಿಯ ಕೆಳಗೆ ಇಳಿದು ನಿಲ್ಲುವ ಗುಂಡಿ ಇಲ್ಲ. ಗಾಡಿಯ ಹಿಂದಿನಿಂದ ತಲೆ ತೂರಿಸಿ, ಅಂಗಾತ ಜಾರಬೇಕು. ಹಾಗೆ ಮಲಗಿದವನ ಎಡಗೈ ಇರುವುದು ಗಾಡಿಯ ಬಲಕ್ಕೆ. ಅಪ್ಪ ಹೇಳಿದ್ದು ಸೀಟಿನಲ್ಲಿ ಕೂತವನ ಎಡ. ಅಣ್ಣ ಹಾಕಿದ್ದು ಮಲಗಿದವನ ಎಡ. ಎಡಚಕ್ರ ಮೊದಲೇ ಸೊಟ್ಟ, ಮಹರಾಯ ಬಲದ್ದನ್ನೂ ಸೊಟ್ಟ ಮಾಡಿಟ್ಟಿದ್ದಾನೆ. ತಿರುವಿನಲ್ಲಿ ಬ್ರೇಕ್ ಒತ್ತಿದರೆ ಹಿಂಭಾಗ ಜಾರದೆ ಇರುತ್ತದೆಯೇ?

ಅಪ್ಪನ ಕಣ್ಣಲ್ಲ. ಅಲ್ಲವೇ ಅಲ್ಲ.

ಅದೇ ದಿನ, ಮಧ್ಯಾಹ್ನ

ಓಡಿಹೋಗಿ ಅಪ್ಪನಿಗೆ ಹೇಳಿದೆ. ಕುಣಿದಾಡುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿದರು.

"ಗೊತ್ತು ಕಣಮ್ಮ. ಹಿಂದ್ಗಡೆ ಜಾರ್ತಲ್ಲ, ಆಗ್ಲೇ ಗೊತ್ತಾಯ್ತು."

ಮತ್ತೆ ಯಾಕೆ ಬಾಯಿ ಬಿಡಲಿಲ್ಲ ಎಂದೆ.

"ನನ್ ಕಣ್ಣು ಅಂದ್ರೆ ನನ್ನ ಬೈದು ಸುಮ್ನಾಗ್ತಾರೆ. ಅವನ ಕೈ ಅಂದ್ರೆ, ಅಮ್ಮನ ಕಾಲು ಮುರ್ದೋನು ಅವನಾಗ್ತಾನೆ. ಅದನ್ನ ತಡ್ಕೊಳ್ಳೋ ಜೀವ ಅಲ್ಲ ಅದು."

ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾಡಿಸಿಕೊಂಡರು. ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು. ಇಂಥ ಮನುಷ್ಯನಿಗೆ ಏನು ಹೇಳುವುದು?

ಮಾರ್ಚ್ ೯, ಭಾನುವಾರ

ಪೆನ್ ಮುಟ್ಟಲು ಮನಸ್ಸಾಗಿರಲಿಲ್ಲ. ಶಿಮ್ ಎಡಕ್ಕೆ ಹಾಕಿದ್ದೆ, ಸೀಟಿನ ಎಡಕ್ಕೆ. ಅಣ್ಣ ಇವತ್ತು ಒಂದು ರೌಂಡ್ ಹೋಗಿ ಬಂದ. ದಾರ ಹಿಡಿದ ಹಾಗೆ ನೇರ ಓಡುತ್ತೆ, ಏನು ಮಾಡಿದೆ ಎಂದು ಕೇಳಿದ. ಶಿಮ್ ಅಂದೆ. ಅಷ್ಟೇ ಅಂದದ್ದು, ದೇವರಾಣೆ.

ಅವನು ಗಾಡಿಯ ಹಿಂದೆ ಹೋಗಿ ಅದಕ್ಕೆ ಬೆನ್ನು ಮಾಡಿ ನಿಂತ. ಎಡಗೈ ಎತ್ತಿದ. ಮೈಯನ್ನು ಹಿಂದಕ್ಕೆ ಬಾಗಿಸಿ, ಮಲಗಿದವನ ಹಾಗೆ ಕೈಯನ್ನು ಆ ಕಡೆ, ಈ ಕಡೆ... ಎಡಗೈ ಬಲಚಕ್ರದ ಕಡೆ ನಿಂತಿತು.

ಸೀದಾ ಒಳಗೆ ಹೋದ. ನಾನು ಹಿಂದೆಯೇ ಓಡಿದೆ.

"ಅಮ್ಮ, ಅಪ್ಪ ಅಲ್ಲ. ನಾನು," ಎಂದ. ಶಿಮ್ಮಿನ ವಿಷಯ ತೊದಲುತ್ತ ಎಲ್ಲ ಹೇಳಿದ.

ಅಮ್ಮ ಅವನನ್ನು ನೋಡಲೇ ಇಲ್ಲ. ಅಪ್ಪನನ್ನು ನೋಡಿದಳು. ನಿಮಗೆ ಮೊದಲೇ ಗೊತ್ತಿತ್ತಾ ಎಂದಳು. ಅಪ್ಪ ತಲೆ ತಗ್ಗಿಸಿದರು.

"ನನ್ನ ಹತ್ರಾನೂ ಹೇಳ್ಬಾರ್ದಿತ್ತೇನ್ರೀ? ನಾನೇನು ಹೊರಗಿನೋಳಾ?"

ಅಮ್ಮ ಎದ್ದಳು, ಊರುಗೋಲು ಬಿತ್ತು. ಅಣ್ಣ ಎತ್ತಿಕೊಡಲು ಬಗ್ಗಿದ. ಬೇಡ ಎಂದಳು. ಗೋಡೆ ಹಿಡಿದು, ಕಾಲೆಳೆದುಕೊಂಡು ಅಪ್ಪನ ಕುರ್ಚಿಯ ತನಕ ನಡೆದಳು. ಅವರ ತಲೆಯ ಮೇಲೆ ಕೈಯಿಟ್ಟಳು. ಆಗ ಅಪ್ಪ ಅವಳ ಕೈ ಹಿಡಿದುಕೊಂಡು, ಅಣ್ಣನನ್ನೂ ಹತ್ತಿರ ಕರೆದರು.