ಟ್ರೇಲರಿನ ಮೂತಿ

ಮಾವಾ,

ನಿಮ್ಮ ಸೊಸೆ ಬರೆಯುತ್ತಿದ್ದೇನೆ. ಎಲ್ಲಿದ್ದೀರೋ ಅಲ್ಲಿ ಒಂದು ಗಳಿಗೆ ರೇಡಿಯೊ ಆರಿಸಿ ಓದಿ.

ನೀವು ಹೋದ ಮೇಲೆ ಬಂದ ಮೊದಲ ಆಯುಧಪೂಜೆಗೆ ನಿಮ್ಮ ಮಗ ಮದುವೆ ಮುಂಜಿಗೆ ನಾವು ಬಾಡಿಗೆಗೆ ಕೊಡುವ ಜನರೇಟರಿನ ಟ್ರೇಲರಿಗೆ ದಪ್ಪ ಕಬ್ಬಿಣದ ಪೆಟ್ಟಿಗೆಯೊಂದನ್ನು ಮಾಡಿಸಿದರು. ಕೇಬಲ್ ಸುರುಳಿಗಳೆಲ್ಲ ಅದರೊಳಗೆ. ಪಿಕಪ್ಪಿಗೆ ಕೊಂಡಿ ಹಾಕುತ್ತೇವಲ್ಲ, ಆ ಮೂತಿಯ ಮೇಲೆಯೇ ಬೋಲ್ಟ್ ಹಾಕಿ ಕೂರಿಸಿ, 'ತಂದೆಯವರ ಆಶೀರ್ವಾದ' ಎಂದು ಹಳದಿ ಬಣ್ಣದಲ್ಲಿ ಬರೆಸಿದರು. ಕುಂಬಳಕಾಯಿ ಒಡೆಯುವಾಗ ಅವರ ಕಣ್ಣು ಒದ್ದೆಯಾಗಿತ್ತು. ನಾನು ನೋಡದವಳಂತೆ ಬಾಳೆಕಂದು ಕಟ್ಟುತ್ತಿದ್ದೆ.

ಆಮೇಲೆ ಶುರುವಾಯಿತು ನಡುಕ. ಖಾಲಿ ಪಿಕಪ್ ಬೆಣ್ಣೆಯಿಂದ ಕೂದಲು ತೆಗೆದಂತೆ ಹೋಗುತ್ತದೆ. ಟ್ರೇಲರ್ ಎಳೆದುಕೊಂಡು ನಲವತ್ತು ದಾಟಿದರೆ ಕೆಳಗಿನಿಂದ ಗಡಗಡ. ಅತ್ತಿಗುಪ್ಪೆಯ ಮೆಕ್ಯಾನಿಕ್ ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿದ, ಎಂಜಿನ್ ಕೆಳಗಿನ ರಬ್ಬರ್ ಬದಲಿಸಿದ, ಎಂಜಿನ್ನಿನಿಂದ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟಿನ ಜಾಯಿಂಟ್ ಅಲ್ಲಾಡಿಸಿ ಸರಿಯಿದೆ ಎಂದ. ಗಾಡಿಗೆ ವಯಸ್ಸಾಯಿತು, ಮಾರಿಬಿಡೋಣ ಎಂದರು ನಿಮ್ಮ ಮಗ. ಸೋಮವಾರ ಬರುತ್ತೇನೆಂದು ಗಿರಾಕಿಯೊಬ್ಬ ಹೇಳಿಯೂ ಆಯಿತು. ನೀವು ನನಗೆ ಡ್ರೈವಿಂಗ್ ಕಲಿಸಿದ ಗಾಡಿ ಅದು. ಅದನ್ನು ಹೇಗೆ ಮಾರಲು ಬಿಡಲಿ ಮಾವ?

ನೆನಪಿದೆಯಾ, ಮಲ್ಲತ್ತಹಳ್ಳಿ ಕೆರೆ ರಸ್ತೆಯಲ್ಲಿ ಕಲಿಸುವಾಗ ರೇಡಿಯೊ ಆರಿಸಿ, "ಸ್ಟೇರಿಂಗ್ ನಡುಗಿದ್ರೆ ಮುಂದೆ ನೋಡಮ್ಮ, ಸೀಟು ನಡುಗಿದ್ರೆ ಹಿಂದೆ ನೋಡು" ಎಂದಿದ್ದಿರಿ. ಟ್ರೇಲರ್ ಮಾತ್ರ ನನ್ನ ಕೈಗೆ ಕೊಡಲೇ ಇಲ್ಲ. ಆ ಮುನಿಸು ಇನ್ನೂ ಪೂರ್ತಿ ಹೋಗಿಲ್ಲ, ತಿಳಿದಿರಲಿ.

ಶನಿವಾರ ಕೆಂಗೇರಿಯ ಮದುವೆಗೆ ಹೋಗುವಾಗ ನಾನೂ ಪಕ್ಕದಲ್ಲಿ ಕೂತೆ. ಸ್ಟೇರಿಂಗ್ ಸುಮ್ಮನಿತ್ತು, ಸೀಟು ನಡುಗುತ್ತಿತ್ತು. ಛತ್ರದ ಹತ್ತಿರ ಇಳಿದು ದೂರ ನಿಂತು ನೋಡಿದರೆ ಪಿಕಪ್ಪಿನ ಹಿಂಭಾಗ ಕುಕ್ಕರಗಾಲಲ್ಲಿ ಕೂತ ಹಾಗೆ ತಗ್ಗಿತ್ತು. ಆಗ ನೀವು ನೆನಪಾದಿರಿ. ಕೊಂಡಿ ಹಾಕುವ ಮೊದಲು ಪ್ರತಿಸಲ ಟ್ರೇಲರಿನ ಮೂತಿಯನ್ನು ಎರಡೂ ಕೈಯಲ್ಲಿ ಎತ್ತಿ ನೋಡುತ್ತಿದ್ದಿರಿ. ಎದ್ದರೆ 'ಹ್ಞೂ' ಎನ್ನುತ್ತಿದ್ದಿರಿ. ಏಳದಿದ್ದರೆ ಒಂದೆರಡು ಸುರುಳಿ ಜನರೇಟರಿನ ಹಿಂದಕ್ಕೆ. ಅದು ಮಾವನ ಮಡಿ ಎಂದು ನಾವು ನಗುತ್ತಿದ್ದೆವು. ಯಾಕೆಂದು ಒಂದು ದಿನವಾದರೂ ಕೇಳಿದ್ದರೆ...

ಮಧ್ಯಾಹ್ನ ಕೇಬಲ್ ಸುತ್ತಿ ಪೆಟ್ಟಿಗೆ ತುಂಬಿದ ಮೇಲೆ, ಮೂತಿ ಎತ್ತಿ ನೋಡಿ ಎಂದೆ ನಿಮ್ಮ ಮಗನಿಗೆ. ಜಪ್ಪಯ್ಯ ಎಂದರೂ ಅಲುಗಲಿಲ್ಲ. ಸುರುಳಿಗಳನ್ನು ತೆಗೆದು ಹಿಂದಕ್ಕೆ ಹಾಕಿದೆವು, ಎದ್ದಿತು. ವಾಪಸ್ ಬರುವಾಗ ಐವತ್ತರಲ್ಲೂ ನಡುಕವಿಲ್ಲ. ಹಿಂಭಾಗ ಅಷ್ಟು ತಗ್ಗಿದರೆ ಶಾಫ್ಟು ಓರೆಯಾಗಿ ಅದುರುತ್ತದಂತೆ, ಮೆಕ್ಯಾನಿಕ್ ಈಗ ಹೇಳಿದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದೆವು.

ಮನೆ ಮುಂದೆ ನಿಮ್ಮ ಮಗ ಆ ಹಳದಿ ಅಕ್ಷರಗಳ ಮೇಲೆ ಕೈಯಿಟ್ಟು ನಿಂತುಬಿಟ್ಟರು. "ಅಪ್ಪನ ಹೆಸರಲ್ಲಿ ಹಾಕ್ಸಿದ್ದು ಕಣೇ ಇದು, ಹೇಗೆ ತೆಗೀಲಿ" ಎಂದರು.

"ರೀ, ಮಾವ ಯಾವತ್ತು ಎಲ್ರ ಮುಂದೆ ಕೂತಿದ್ರು? ಮದ್ವೆ ಮನೇಲೂ ಜನರೇಟರ್ ಹಿಂದೇನೇ ಇರ್ತಿದ್ರಲ್ಲ" ಎಂದೆ. ಅವರು ನಕ್ಕರು, ಆಮೇಲೆ ಅತ್ತರು, ಆಮೇಲೆ ತಾವೇ ಒಳಗೆ ಹೋಗಿ ಸ್ಪ್ಯಾನರ್ ತಂದರು. ಈಗ ಪೆಟ್ಟಿಗೆ ಜನರೇಟರಿನ ಹಿಂದಿದೆ. ನಿಮ್ಮ ಆಶೀರ್ವಾದವನ್ನು ಹಿಂದೆ ಬರುವ ಗಾಡಿಯವರೂ ಓದಿಕೊಳ್ಳುತ್ತಾರೆ.

ಗಿರಾಕಿಗೆ ಫೋನ್ ಮಾಡಿ, ಗಾಡಿ ಮಾರುವುದಿಲ್ಲ ಎಂದು ಹೇಳಿದ್ದಾಯಿತು. ಇವತ್ತು ಮಾರೇನಹಳ್ಳಿಯ ನಾಮಕರಣಕ್ಕೆ ಪಿಕಪ್ಪನ್ನು ಟ್ರೇಲರ್ ಸಮೇತ ಓಡಿಸಿದ್ದು ನಾನು, ಮಾವ. ಹೊರಡುವ ಮೊದಲು ಮೂತಿ ಎತ್ತಿ ನೋಡಿದೆ. ಒಬ್ಬಳ ಕೈಗೆ ಏಳಲಿಲ್ಲ, ನಿಮ್ಮ ಮಗ ಒಂದು ಕೈ ಹಾಕಿದರು. 'ಹ್ಞೂ' ಎಂದದ್ದು ಮಾತ್ರ ನಾನೇ.