ಅಂತೆ ಇಲ್ಲದ ಒಂದು ಸುದ್ದಿ

ಟಾಂಗಾ ಕೂಟ, ಗದಗ
ಫೆಬ್ರವರಿ 30, 2187

ಚಿರಂಜೀವಿ ಸಂಗಣ್ಣನಿಗೆ ನಿನ್ನ ಕಾಕಾ ಅಡಿವೆಪ್ಪ ಉಳ್ಳಾಗಡ್ಡಿ ಮಾಡುವ ಆಶೀರ್ವಾದ.

ಮೊದಲು ನಾನು ಯಾರೆಂದು ತಿಳಿಸಿಬಿಡುತ್ತೇನೆ. ಮುಂಬೈಯ ಶೇರುಪೇಟೆ ಬೆಳಿಗ್ಗೆ ಬಾಗಿಲು ತೆಗೆಯುವುದು ನನ್ನನ್ನು ಕೇಳಿದ ಮೇಲೆಯೇ. ನಾನು ಕೆಮ್ಮಿದರೆ ಬೆಳ್ಳಿ ಇಳಿಯುತ್ತದೆ, ಆಕಳಿಸಿದರೆ ಬಂಗಾರ ಏರುತ್ತದೆ. ಈ ಅರವತ್ತಾರು ವರ್ಷಗಳಲ್ಲಿ ಯಾವ ಮಗನೂ ನನ್ನ ಕಿಸೆಯಿಂದ ಒಂದು ಪೈಸೆ ನಷ್ಟ ಮಾಡಿಸಿದ್ದಿಲ್ಲ. ಊರ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿದ್ದೇನೆ. ಎಂಟಕ್ಕೆ ಹೋದರೆ ಕಲಿಸುವವರಿಗೆ ತೊಂದರೆಯಾದೀತೆಂದು ನಾನೇ ಬಿಟ್ಟೆ.

ಮೇಲಿನ ತಾರೀಖು ನೋಡಿ ಕಾಕಾನ ತಲೆ ಕೆಟ್ಟಿದೆ ಎಂದುಕೊಳ್ಳಬೇಡ. ನಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ದಿನ. ಬಿಸಿಲು ತಡೆಯಲಾರದೆ ಮೇ ತಿಂಗಳಿನಿಂದ ಎರಡು ದಿನ ಕಿತ್ತು ಇಲ್ಲಿಗೆ ಸೇರಿಸಿದರು. ಬಿಸಿಲೇನೂ ಕಡಿಮೆಯಾಗಲಿಲ್ಲ, ಪಂಚಾಂಗದವರ ಜಗಳ ಮಾತ್ರ ಹೆಚ್ಚಾಯಿತು. ನಡುನಡುವೆ ನಿನಗೆ ತಿಳಿಯದ ಶಬ್ದಗಳೂ ಬರುತ್ತವೆ, ಸಿಟ್ಟಾಗಬೇಡ. ನಿಮ್ಮ ಕಾಲದ 'ಪೋರ್ಟ್‌ಫೋಲಿಯೋ' ಎಂಬ ಶಬ್ದ ನನಗೆ ಇವತ್ತಿಗೂ ಯಾವುದೋ ಸೊಪ್ಪಿನ ಪಲ್ಯದಂತೆಯೇ ಕೇಳಿಸುತ್ತದೆ. ವರಸೆಯ ಮಾತು ಇನ್ನೊಂದು. ಲೆಕ್ಕಕ್ಕೆ ನೀನು ನನ್ನ ಮುತ್ತಜ್ಜನ ಅಜ್ಜ. ಆದರೆ ಈ ಕಾಗದ ಕೈ ಸೇರುವಾಗ ನಿನಗೆ ಇಪ್ಪತ್ತೆಂಟು ವರ್ಷ. ಇಪ್ಪತ್ತೆಂಟರ ಹುಡುಗನಿಗೆ 'ಅಜ್ಜಾರ' ಎಂದು ಕೈಮುಗಿಯುವುದು ನನ್ನಿಂದಾಗದು. ನೀನು ತಮ್ಮ, ನಾನು ಕಾಕಾ. ಹಿರಿಯನಾಗಿ ಹುಟ್ಟಿದ್ದು ನಿನ್ನ ತಪ್ಪು.

ಈ ಕಾಗದವನ್ನು ಹಿಂದಂಚೆಯಲ್ಲಿ ಹಾಕುತ್ತಿದ್ದೇನೆ. ಹಿಂದಂಚೆ ಎಂದರೆ ಸತ್ತುಹೋದ ಹಿರಿಯರಿಗೆ ಅವರು ಬದುಕಿದ್ದಾಗಲೇ ಕಾಗದ ಮುಟ್ಟಿಸುವ ಅಂಚೆ. ವರ್ಷಕ್ಕೆ ಮನೆಗೊಂದು ಕಾಗದ, ಅದೂ ಸ್ವಂತ ವಂಶದವರಿಗೆ ಮಾತ್ರ. ಲಾಟರಿ ನಂಬರು, ಶೇರಿನ ದರ, ಕ್ರಿಕೆಟ್ ಮ್ಯಾಚಿನ ಫಲಿತಾಂಶ ಬರೆದರೆ ಮಸಿ ಬಳಿದು ಕಳಿಸುತ್ತಾರೆ. ಆದ್ದರಿಂದ 'ಯಾವುದನ್ನ ತಗೊಳ್ಳಲಿ ಕಾಕಾ' ಎಂದು ಕೇಳಬೇಡ. ನೀನು ಕೇಳುವವನೇ. ನಿಮ್ಮ ಕಾಲದ ಶೇರು ಸಲಹೆಯ ವಿಡಿಯೋಗಳ ಕೆಳಗೆ ಜನ ಬರೆದ ಮಾತುಗಳನ್ನೆಲ್ಲ ನಮ್ಮವರು ಒಂದು ಉಗ್ರಾಣದಲ್ಲಿ ಕೂಡಿಟ್ಟಿದ್ದಾರೆ. ಯಾಕೆಂದು ದೇವರಿಗೇ ಗೊತ್ತು. ಅಲ್ಲಿ ನಿನ್ನ ಹೆಸರು ಹುಡುಕಿದೆ. ನಾಲ್ಕುನೂರಾ ಹನ್ನೊಂದು ಕಡೆ ಸಿಕ್ಕಿತು. ಬೆಳಿಗ್ಗೆ ಒಂಬತ್ತಕ್ಕೆ 'ಸರ್, ಈಗ ತಗೋಬಹುದಾ?' ಸಂಜೆ ನಾಲ್ಕಕ್ಕೆ ಅದೇ ಸರ್‌ಗೆ 'ಎಲ್ಲಾ ಕಳ್ಳರು.' ಮರುದಿನ ಬೆಳಿಗ್ಗೆ ಅದೇ ಕಳ್ಳನಿಗೆ ಮತ್ತೆ 'ಸರ್, ಈಗ ತಗೋಬಹುದಾ?' ಓದಿ ಓದಿ ನನಗೆ ಹಣೆ ಚಚ್ಚಿಕೊಳ್ಳುವಂತಾಯಿತು. ನಮ್ಮ ವಂಶದಲ್ಲಿ ಇಂಥವನೂ ಇದ್ದನೇ ಎಂದು ಮೂರು ದಿನ ಯಾರಿಗೂ ಹೇಳಲಿಲ್ಲ.

ನಮ್ಮಲ್ಲಿಯೂ ಈ ಕಾಟ ತಪ್ಪಿಲ್ಲ. ಬೆಳಿಗ್ಗೆ ಎದ್ದು ಪೇಟೆ ಏನಾಗುತ್ತದೆಂದು ಹೇಳುವವನನ್ನು ನಾವು ಮುಂಗಾಣಿ ಎನ್ನುತ್ತೇವೆ. ಸಂಜೆ ಬಂದು ಪೇಟೆ ಯಾಕೆ ಹಾಗಾಯಿತೆಂದು ಹೇಳುವವನು ಹಿಂಗಾಣಿ. ಇಬ್ಬರೂ ಒಬ್ಬನೇ, ನಡುವೆ ಅಂಗಿ ಬದಲಿಸಿರುತ್ತಾನೆ. ಬೆಳಿಗ್ಗೆ 'ಮಳೆ ಚೆನ್ನಾಗಿದೆ, ಆದ್ದರಿಂದ ಪೇಟೆ ಏರುತ್ತದೆ' ಎಂದವನೇ ಸಂಜೆ 'ಮಳೆ ಚೆನ್ನಾಗಿದೆ, ಆದ್ದರಿಂದ ಪೇಟೆ ಇಳಿಯಿತು' ಎಂದು ಕಣ್ಣು ಮಿಟುಕಿಸದೆ ಹೇಳುತ್ತಾನೆ. ಇಳಿದರೆ 'ಲಾಭ ತೆಗೆದುಕೊಂಡರು', ಏರಿದರೆ 'ಭರವಸೆ ಮೂಡಿತು', ಅಲ್ಲಾಡದೆ ನಿಂತರೆ 'ಪೇಟೆ ಯೋಚಿಸುತ್ತಿದೆ'. ಪೇಟೆ ಯೋಚಿಸುತ್ತದಂತೆ! ನಮ್ಮ ಟಾಂಗಾ ಕೂಟದ ಚೌಕದಲ್ಲಿ ನೂರೈವತ್ತು ವರ್ಷಗಳಿಂದ ಒಂದು ಟಾಂಗಾ ಇಲ್ಲ, ಆದರೂ ಅದಕ್ಕೆ ಟಾಂಗಾ ಕೂಟವೆಂದೇ ಹೆಸರು. ಇವರ 'ಖಚಿತ ಮಾಹಿತಿ'ಯೂ ಅದೇ ಜಾತಿಯದು.

ಜನ ಮುಳುಗಿ ಮುಳುಗಿ ಸಾಕಾಗಿ, ನಾನು ನಡುವಯಸ್ಸಿನಲ್ಲಿದ್ದಾಗ ಸರಕಾರ ಅಂತೆ ಕಾಯ್ದೆ ತಂದಿತು. ಪೇಟೆಯ ಬಗ್ಗೆ ಯಾರು ಏನು ಹೇಳಿದರೂ ವಾಕ್ಯದ ಬಾಲಕ್ಕೆ 'ಅಂತೆ' ಇರಲೇಬೇಕು. 'ಉಕ್ಕು ಏರುತ್ತದಂತೆ.' 'ಆ ಕಂಪನಿಗೆ ದೊಡ್ಡ ಲಾಭವಂತೆ.' ಒಂದು ಅಂತೆ ಬಿಟ್ಟರೆ ಒಂದು ತಿಂಗಳ ಸಂಬಳ ದಂಡ. ಎಂಥ ಚೆಂದದ ಕಾಯ್ದೆ! ಎಷ್ಟೇ ದೊಡ್ಡ ಕೋಟು ತೊಟ್ಟವನೂ ಕೊನೆಗೆ ಬಾವಿಕಟ್ಟೆಯ ಮಾತು ಆಡಿದಂತೆಯೇ ಕೇಳಿಸುತ್ತಿತ್ತು. ಇಪ್ಪತ್ತೊಂದು ವರ್ಷ ನಾನು ಈ ಒಂದು ಶಬ್ದ ನಂಬಿಕೊಂಡು ಬದುಕಿದೆ. ಬಾಲದಲ್ಲಿ ಅಂತೆ ಕೇಳಿದರೆ ನಕ್ಕು ಚಹಾ ಕುಡಿಯುವುದು, ಅಷ್ಟೇ ನನ್ನ ವ್ಯಾಪಾರ. ಮಾಬುಸಾಬನ ಚಹಾದಂಗಡಿಯ ಮುಂದಿನ ಕಟ್ಟೆಗೆ ನಂಬದವರ ಕಟ್ಟೆ ಎಂದು ಹೆಸರು ಬಿದ್ದದ್ದು ನನ್ನಿಂದಲೇ. ಅಂಗಡಿಯ ಗೋಡೆಯೇ ಮುಖ ತೋರಿಸಿ ಸುದ್ದಿ ಹೇಳುತ್ತದೆ, ಗೋಡೆಯೆದುರು ನಾವು ಕೂತು ಉತ್ತರ ಕೊಡುತ್ತೇವೆ.

ಈ ಫೆಬ್ರವರಿಯ ಮೊದಲಲ್ಲಿ ಎಲ್ಲರ ಬಾಯಲ್ಲೂ ತಣ್ಣೆಳಲು ಕಂಪನಿ. ಅವರು ಊರಿನ ಮೇಲೆ ತೇಲುವ ದೊಡ್ಡ ದೊಡ್ಡ ಚಪ್ಪರ ಬಿಟ್ಟು, ಕೆಳಗೆ ಬೀಳುವ ನೆರಳನ್ನು ಓಣಿಯ ಲೆಕ್ಕದಲ್ಲಿ ಮಾರುತ್ತಿದ್ದರು. ತಿಂಗಳಿಗಿಷ್ಟು ಎಂದು ಕಟ್ಟಿದ ಓಣಿಗೆ ನೆರಳು, ಕಟ್ಟದ ಓಣಿಗೆ ಬಿಸಿಲು. ನಮ್ಮ ಓಣಿಯವರು ಕಟ್ಟಿರಲಿಲ್ಲ. ಪಕ್ಕದ ಓಣಿಯ ನೆರಳಿನ ಅಂಚಿಗೆ ಎಲ್ಲರೂ ಸರಿದು ಕೂರುತ್ತಿದ್ದರು, ಹಪ್ಪಳ ಒಣಗಿಸುವ ಹೆಂಗಸರು ಮಾತ್ರ ಮೊದಲಿನಂತೆ ಬಿಸಿಲಿನ ಕಡೆಗೇ ಇದ್ದರು. ಮಾಬುಸಾಬ ಕಪ್ಪು ತೊಳೆಯುತ್ತ, "ಕಾಕಾ, ನೆಳ್ಳ ಮಾರೋ ಮಂದಿ ರಾತ್ರಿ ಏನ್ ಮಾರ್ತಾರ?" ಎಂದು ಕೇಳಿದ್ದ. ಕಟ್ಟೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಈಗ ನನ್ನ ಅಕ್ಕ ಪಾರವ್ವನ ವಿಷಯ ಹೇಳಬೇಕು. ಅವಳಿಗೆ ಎಪ್ಪತ್ತು. ನಲವತ್ತು ವರ್ಷ ಕಂಡವರ ಮದುವೆ, ಸೀಮಂತಗಳಲ್ಲಿ ರೊಟ್ಟಿ ಬಡಿದಿದ್ದಾಳೆ. ಈಗ ಎಲ್ಲ ಕಡೆ ಯಂತ್ರದ ರೊಟ್ಟಿ ಬಂದು, ಕೈಯಿಂದ ಬಡಿದ ರೊಟ್ಟಿಗೆ ಜನ ಹುಡುಕಾಡುತ್ತಾರೆ. ಟಾಂಗಾ ಕೂಟದ ಮೂಲೆಯಲ್ಲಿ ಒಂದು ಕೋಣೆ ಖಾಲಿ ಇದೆ. ಅಲ್ಲಿ ತನ್ನದೇ ಒಂದು ಖಾನಾವಳಿ ಇಡಬೇಕು, ಬಾಗಿಲ ಮೇಲೆ ತನ್ನ ಹೆಸರಿರಬೇಕು ಎಂಬುದು ಅವಳ ಆಸೆ. ಮುಂಗಡ ಕಟ್ಟಲು ಮಾರ್ಚ್ ಐದು ಕೊನೆಯ ದಿನ. ನಮ್ಮ ಕಾಲದಲ್ಲಿ ದುಡ್ಡೆಲ್ಲ ಹೆಬ್ಬೆಟ್ಟಿನಲ್ಲಿರುತ್ತದೆ, ಒತ್ತಿದರೆ ಬರುತ್ತದೆ, ಒತ್ತಿದರೆ ಹೋಗುತ್ತದೆ. ಆದರೆ ರೊಟ್ಟಿ ಬಡಿದು ಬಡಿದು ಪಾರವ್ವನ ಬೆರಳಿನ ಗೆರೆಗಳೇ ಅಳಿಸಿಹೋಗಿವೆ, ಯಾವ ಯಂತ್ರವೂ ಅವಳನ್ನು ಅವಳೆಂದು ಒಪ್ಪುವುದಿಲ್ಲ. ಹಾಗಾಗಿ ಅವಳ ಗಳಿಕೆ ನನ್ನ ಹೆಬ್ಬೆಟ್ಟಿನಲ್ಲಿತ್ತು. ಮೊದಲ ಸಲ ಇಡುವಾಗಲೇ ಅವಳು ಹೇಳಿದ್ದಳು: "ನನ್ನ ಹೆಬ್ಬಟ್ಟು ರೊಟ್ಟಿ ತಿಂದ ಹಾಕೇತಿ. ನಿಂದರಾಗ ಇಟ್ಕೊಳೋ ಅಡಿವೆಪ್ಪಾ, ನಿಂದೇನ್ ಕೆಲಸ ಮಾಡಿ ಸವದಿಲ್ಲ."

ಫೆಬ್ರವರಿ ಹದಿನೇಳರ ಸಂಜೆ ಗೋಡೆ ಎಂದಿನ ಸುದ್ದಿಗಳ ಕೊನೆಗೆ ಒಂದು ಮಾತು ಹೇಳಿತು. ಅದನ್ನು ಹಾಗೆಯೇ ಬರೆಯುತ್ತೇನೆ, ಗಮನವಿಟ್ಟು ಓದು: 'ಅಂತೆ ಕಾಯ್ದೆಯನ್ನು ಇಂದು ಮಧ್ಯರಾತ್ರಿಯಿಂದ ರದ್ದು ಮಾಡಲಾಗಿದೆಯಂತೆ.' ಪೇಟೆಗೆ ಸಂಬಂಧಿಸಿದ ಸುದ್ದಿ, ಕಾಯ್ದೆ ಇನ್ನೂ ಜೀವಂತ, ಹಾಗಾಗಿ ಅಂತೆ ಹಚ್ಚಲೇಬೇಕಿತ್ತು. ನಾನು ಬಾಲ ಕೇಳಿದೆ, ತೊಡೆ ತಟ್ಟಿ ನಕ್ಕೆ. "ಅಂತಿ ತಗದಾರಂತ! ಕೇಳ್ರಿ, ಅಂತಿಗೂ ಒಂದ ಅಂತಿ!" ಎಂದು ಕಟ್ಟೆಗೆಲ್ಲ ಸಾರಿದೆ. ಮಾಬುಸಾಬ, "ಇದು ಖರೇ ಇರಬಹುದು ಕಾಕಾ" ಎಂದ. "ಇಪ್ಪತ್ತೊಂದ ವರ್ಷದಾಗ ಅಂತಿ ಹಚ್ಚಿದ್ದು ಒಂದರ ಖರೇ ಆಗೇತೇನ?" ಎಂದು ಅವನ ಬಾಯಿ ಮುಚ್ಚಿಸಿದೆ.

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ನಾನೊಬ್ಬನೇ ಇದ್ದೆ. ಮಾಬುಸಾಬ ಹಾಲಿಗೆ ಹೋಗಿದ್ದ. ಮುಂಗಾಣಿ ಗೋಡೆಯ ಮೇಲೆ ಬಂದು ಕೋಟಿನ ಗುಂಡಿ ಹಾಕಿಕೊಂಡು ಹೇಳಿದ: 'ಈ ವಾರ ತಣ್ಣೆಳಲು ಎರಡು ಪಟ್ಟು ಏರುತ್ತದೆ.' ಅಷ್ಟೇ. ಬಾಲಕ್ಕೆ ಏನೂ ಇಲ್ಲ. ನಾನು ಕಪ್ಪು ಕೆಳಗಿಟ್ಟು ಕಾದೆ, ಅವನು ಬೇರೆ ಸುದ್ದಿಗೆ ಹೋದ. ಒಂದು ತಿಂಗಳ ಸಂಬಳ ದಂಡ ತೆರಲು ಸಿದ್ಧನಾಗಿ ಒಬ್ಬ ಮನುಷ್ಯ ಅಂತೆ ಬಿಡುತ್ತಾನೆಂದರೆ ಅವನು ಕಣ್ಣಾರೆ ಏನೋ ಕಂಡಿದ್ದಾನೆ ಎಂದು ನನ್ನ ಏಳನೇ ಇಯತ್ತೆಯ ಬುದ್ಧಿ ಹೇಳಿತು. ದಡ್ಡನಿಗೆ ಈ ವಿಚಾರ ಹೊಳೆಯುತ್ತಲೇ ಇರಲಿಲ್ಲ, ತಮ್ಮಾ. ಅಷ್ಟು ವರ್ಷ ಒಂದನ್ನೂ ನಂಬದೆ ಕೂತವನಿಗೆ ಮಾತ್ರ ಹೊಳೆಯುವಂಥದ್ದು. ಪಾರವ್ವನ ಕೋಣೆಗೆ ಹಿಂದೊಂದು ಅಡುಗೆಮನೆಯನ್ನೂ ಸೇರಿಸಿ ಹಿಡಿಯಬಹುದು ಎಂದುಕೊಂಡೆ. ತಣ್ಣೆಳಲು ಶೇರಿಗೆ ಹೆಬ್ಬೆಟ್ಟು ಒತ್ತಿದೆ. ನನ್ನದೆಂಬ ದುಡ್ಡು ಅದರಲ್ಲಿ ಒಂದು ವಾರದ ಚಹಾಕ್ಕಾಗುವಷ್ಟೂ ಇರಲಿಲ್ಲ.

ಹಾಲು ತಂದ ಮಾಬುಸಾಬನಿಗೆ ಗುಟ್ಟು ಹೇಳಿದೆ. ಅವನು ಹಾಲಿನ ಪಾತ್ರೆ ಹಿಡಿದವನು ಹಾಗೆಯೇ ನಿಂತ. "ಕಾಕಾ, ಕಾಯ್ದೆ ನಿನ್ನಿ ರಾತ್ರಿನ ಹೋತಲ್ಲೋ. ಇವತ್ತ ಯಾರೂ ಅಂತಿ ಹಚ್ಚಂಗಿಲ್ಲ. ನೀನ ಅದನ್ನ ಕೇಳಿ ನಕ್ಕಿ." ಆ ಹೊತ್ತಿಗೆ ಗೋಡೆ ಬೆಲ್ಲ, ಹತ್ತಿ, ಉಕ್ಕು ಎಲ್ಲವೂ ಏರುತ್ತದೆ, ಏರುತ್ತದೆ, ಏರುತ್ತದೆ ಎಂದು ಬರಿ ಬಾಲದಲ್ಲಿ ಕೂಗುತ್ತಿತ್ತು. ಕೂಡಲೇ ಮಾರಬಹುದಿತ್ತಲ್ಲ ಎಂದು ನೀನು ಕೇಳುತ್ತೀ. ಮಾಬುಸಾಬನೂ ಕೇಳಿದ. ಆದರೆ ಕಟ್ಟೆಯವರೆಲ್ಲ ಒಬ್ಬೊಬ್ಬರಾಗಿ ಬರತೊಡಗಿದ್ದರು. ಅವರೆದುರು ಅಡಿವೆಪ್ಪ ಒಂದು ತಾಸಿನಲ್ಲಿ ಕೊಂಡು ಒಂದು ತಾಸಿನಲ್ಲಿ ಮಾರಿದನೆಂದು ಆಗಬಾರದೆಂದು ಸುಮ್ಮನೆ ಕೂತೆ. ಎರಡು ದಿನ ಬಿಟ್ಟು ಮೋಡ ಕವಿಯಿತು. ಫೆಬ್ರವರಿಯಲ್ಲಿ ಮೋಡ! ಒಂಬತ್ತು ದಿನ ಸೂರ್ಯನ ಮುಖ ಕಾಣಲಿಲ್ಲ. ಪುಕ್ಕಟೆ ನೆರಳು ಊರಿಗೆಲ್ಲ ಬಿದ್ದಿರುವಾಗ ಯಾರು ದುಡ್ಡು ಕೊಟ್ಟಾರು? ಕಟ್ಟಿದವರೂ ದುಡ್ಡು ತಿರುಗಿ ಕೇಳಲು ಹೋದರು. ಕಂಪನಿಯವರು ಚಪ್ಪರ ಸುತ್ತಿಕೊಂಡು ಹೊರಟರು. ಆ ಸಂಜೆ ಅದೇ ಮನುಷ್ಯ ಬೇರೆ ಅಂಗಿಯಲ್ಲಿ ಬಂದು, 'ನಿರೀಕ್ಷೆಯಂತೆ ತಣ್ಣೆಳಲು ಕುಸಿದಿದೆ' ಎಂದ. ಯಾರ ನಿರೀಕ್ಷೆ? ಯಾವಾಗಿನ ನಿರೀಕ್ಷೆ? ಬೇಕಾದಾಗ ಬಿಟ್ಟ ಅಂತೆಯನ್ನು ಬೇಡವಾದಾಗ ನಡುವೆ ತುರುಕಿದನಲ್ಲ! ಗೋಡೆಗೆ ಚಹಾ ಎರಚಿದೆ. ಗೋಡೆ ಒರೆಸುವ ಕೆಲಸ ಮಾಬುಸಾಬ ನನಗೇ ಹಚ್ಚಿದ.

ನಿನ್ನೆ ಮಧ್ಯಾಹ್ನ ಪಾರವ್ವ ಮನೆಗೆ ಬಂದಳು. ಕೋಣೆಗೆ ಸುಣ್ಣ ಯಾವ ಬಣ್ಣದ್ದು ಇರಲಿ ಎಂದು ಕೇಳಲು ಬಂದಿದ್ದವಳು ನನ್ನ ಮುಖ ನೋಡಿ ಸುಣ್ಣದ ಮಾತು ಬಿಟ್ಟಳು. "ಎಷ್ಟ ಹೋತು?" ಎಂದಳು. ಅವಳಿಗೆ ಯಾರು ಹೇಳಿದರೋ. ನಾನು "ಸ್ವಲ್ಪ" ಎಂದೆ. "ಸ್ವಲ್ಪ ಅಂದ್ರ? ಹಿಟ್ಟಿಗೆ ಉಪ್ಪು ಹಾಕೋವಷ್ಟು ಸ್ವಲ್ಪನೋ, ಹಿಟ್ಟಿನ ಡಬ್ಬಿನ ಹೋಗೋವಷ್ಟು ಸ್ವಲ್ಪನೋ?" ನಾನು ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ. ಅವಳು, "ನಾಳೆ ಮುಂಜಾನೆ ಬರ್ತೀನಿ. ಅಂಕಿ ಹೇಳು. ಬೈಯ್ಯೋದು ಆಮ್ಯಾಲ ನೋಡೋಣು" ಎಂದು ಹೋದಳು.

ಸಂಗಣ್ಣಾ, ಆ ಸರ್‌ಗೆ ಇನ್ನು ಏನನ್ನೂ ಕೇಳಬೇಡ. 'ಕಳ್ಳರು' ಎಂದೂ ಬರೆಯಬೇಡ, ಅದರಿಂದ ಅವನಿಗೆ ಕೂದಲೂ ಕೊಂಕುವುದಿಲ್ಲ. ಯಾರನ್ನೂ ನಂಬುವುದಿಲ್ಲ ಎಂದು ಎದೆ ತಟ್ಟಿಕೊಂಡು ತಿರುಗುವುದೂ ಬೇಡ. ಅಂಥವನು ಒಂದು ದಿನ ನಂಬಿದರೆ ಪೂರ್ತಿ ನಂಬುತ್ತಾನೆ. ನಿನ್ನ ಹತ್ತಿರ ಯಾರಾದರೂ ಏನಾದರೂ ಇಟ್ಟಿದ್ದರೆ, ನಿನ್ನ ಹೆಂಡತಿಯದೋ, ಅಕ್ಕನದೋ, ಇವತ್ತೇ ಅವರ ಕೈಗೆ ಕೊಟ್ಟುಬಿಡು. ನಿಮ್ಮ ಕಾಲದಲ್ಲಿ ಬೆರಳು ಸವೆದವರೂ ಸಹಿ ಮಾಡಬಹುದೆಂದು ಕೇಳಿದ್ದೇನೆ.

ಹೊತ್ತು ಏರುತ್ತಿದೆ. ಪಾರವ್ವ ಓಣಿಯ ಆ ತುದಿಯಲ್ಲಿ ಯಾರನ್ನೋ ಮಾತಾಡಿಸುತ್ತಿರುವುದು ಕೇಳುತ್ತಿದೆ. ಅವಳೆದುರು ಬಾಯಿ ತೆಗೆಯುವ ಮೊದಲು ಒಮ್ಮೆ ಬರೆದು ನೋಡುತ್ತೇನೆ. ಸರಕಾರ ಬೆಲೆಗಳಿಂದ ಎರಡು ಸಲ ಸೊನ್ನೆಗಳನ್ನು ಕತ್ತರಿಸಿದ ಮೇಲೆ ನಮ್ಮ ರೂಪಾಯಿ ಹೆಚ್ಚುಕಡಿಮೆ ನಿಮ್ಮ ರೂಪಾಯಿಯಷ್ಟೇ ಇದೆ, ಲೆಕ್ಕ ನಿನಗೂ ತಿಳಿಯುತ್ತದೆ. ಅವಳು ಇಟ್ಟದ್ದು ಏಳು ಲಕ್ಷ ನಲವತ್ತು ಸಾವಿರ. ಅದರಲ್ಲಿ ನಾನು ಕಳೆದದ್ದು ಆರು ಲಕ್ಷದ ಹದಿನೆಂಟು ಸಾವಿರದ ನಾಲ್ಕುನೂರು ರೂಪಾಯಿ.