ಹನ್ನೊಂದು ‘ಚೆನ್ನಾಗಿದೆ’

ಮಗಳೇ,

ನೀನು ಮಾಡಿದ ಮೇಜು, ಕಪಾಟುಗಳ ಚಿತ್ರವಿದ್ದ ಹನ್ನೊಂದು ಇಮೇಲ್‌ಗಳಿಗೂ ನಾನು ‘ಚೆನ್ನಾಗಿದೆ’ ಎಂದು ಬರೆದೆನಲ್ಲ, ಒಂದನ್ನೂ ನೋಡಿರಲಿಲ್ಲ. ಚಿತ್ರವಿರಬೇಕಾದ ಜಾಗದಲ್ಲಿ ಖಾಲಿ ಚೌಕ, ಅದರ ಮೂಲೆಯಲ್ಲೊಂದು ಕೆಂಪು ಇಂಟು ಗುರುತು, ಅಷ್ಟೇ ಕಾಣುತ್ತಿತ್ತು. ಯಾರನ್ನಾದರೂ ಕೇಳಲು ನನಗೆ ಬಿಗುಮಾನ.

ನಿನ್ನೆ ನಿನ್ನಮ್ಮ ಬೆನ್ನ ಹಿಂದೆ ಬಂದು ನಿಂತಳು. “ಎಲ್ರೀ ಕಪಾಟು? ಬರೀ ಖಾಲಿ ಡಬ್ಬ ಕಾಣ್ತಿದೆ. ಇದನ್ನೇ ಚೆನ್ನಾಗಿದೆ ಅಂದ್ರಾ?” ಎಂದಳು. ಮುಖ ಎಲ್ಲಿಟ್ಟುಕೊಳ್ಳಲಿ? ಹಟ ಹಿಡಿದು ಕೂತೆ. ಹೊರಗಿನಿಂದ ಬಂದ ಚಿತ್ರ ತೋರಿಸಬೇಡ ಎಂದು ಸೆಟ್ಟಿಂಗ್ಸ್‌ನಲ್ಲಿ ಟಿಕ್ ಬಿದ್ದಿತ್ತು. ಕಂಡುಹಿಡಿದದ್ದು ನಾನೊಬ್ಬನೇ, ಬರೆದಿಟ್ಟುಕೋ. ನಿನ್ನ ವಿಳಾಸವನ್ನು ನಂಬಿಕಸ್ಥರ ಪಟ್ಟಿಗೆ ಸೇರಿಸಲೇ ಎಂದು ಕಂಪ್ಯೂಟರ್ ಕೇಳಿತು. ಸೇರಿಸಿದೆ.

ಈಗ ಹಳೆಯ ಹನ್ನೊಂದು ‘ಚೆನ್ನಾಗಿದೆ’ಯೂ ರದ್ದು. ಮೂರನೆಯ ಚಿತ್ರದ ಕಪಾಟಿನ ಬಾಗಿಲು ಕೂದಲೆಳೆಯಷ್ಟು ಓರೆ. ಐದನೆಯದರ ಮೇಜಿಗೆ ಪಾಲಿಷ್ ಜಾಸ್ತಿಯಾಗಿದೆ. ಒಂಬತ್ತನೆಯದು, ಆ ಮೊಳೆಯಿಲ್ಲದ ಪೆಟ್ಟಿಗೆ, ಅದರ ಮೂಲೆಗಳನ್ನು ದೊಡ್ಡದು ಮಾಡಿ ಹುಡುಕಿದೆ. ಎಲ್ಲೂ ಸಂದಿ ಸಿಗಲಿಲ್ಲ. ನಲವತ್ತು ವರ್ಷದ ಬಡಗಿ ಕೆಲಸದಲ್ಲಿ ಅಂಥ ಮೂಲೆ ನನ್ನ ಕೈಯಿಂದ ಬಂದಿಲ್ಲ. ಎದುರಂಗಡಿಯ ದರ್ಜಿಯನ್ನೂ ಕರೆದು ತೋರಿಸಿದೆ, ತೋರಿಸಿ ಎಂದು ಅವನೇನೂ ಕೇಳಿರಲಿಲ್ಲ.

ಹೆಣ್ಣುಮಗಳಿಗೆ ಈ ಕೆಲಸ ಬೇಡ ಎಂದು ನನ್ನ ಉಳಿಗಳ ಪೆಟ್ಟಿಗೆಗೆ ಬೀಗ ಹಾಕಿದ್ದು ನಿನಗೆ ನೆನಪಿರಬಹುದು. ಬೀಗ ತೆಗೆದಿದ್ದೇನೆ. ಉಳಿಗಳಿಗೆಲ್ಲ ಸಾಣೆ ಹಿಡಿದು ಎಣ್ಣೆ ಹಚ್ಚಿಟ್ಟಿದ್ದೇನೆ. ಬರುವಾಗ ಗಟ್ಟಿ ಚೀಲ ತಾ, ಭಾರ ಇವೆ.

ನಿನ್ನ ಅಪ್ಪ